ಅಗಲಿದವರ ಕೈಗಳು ನಮ್ಮ ಕೈಗಳಾಗಲಿ
(ನವೆಂಬರ್ 2 – ಸಕಲ ಮೃತ ವಿಶ್ವಾಸಿಗಳ ಸ್ಮರಣೆ)



ನವೆಂಬರ್ ತಿಂಗಳು ಅಗಲಿದವರ ತಿಂಗಳು. ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಬಲಿಪೂಜೆಯಲ್ಲಿ ಅವರ ಹೆಸರು ಓದಿಸುತ್ತೇವೆ. ಇವೆಲ್ಲ ಒಳ್ಳೆಯ ಪದ್ಧತಿಗಳೇ. ಆದರೆ ಧರ್ಮಸಭೆ ಇವುಗಳ ಜೊತೆಗೆ ಇನ್ನೊಂದನ್ನೂ ನಮ್ಮಿಂದ ಬಯಸುತ್ತದೆ; ಅದು ದಾನಧರ್ಮ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತನ್ನ 1032ನೇ ವಿಧಿಯಲ್ಲಿ, ಮೃತರಿಗಾಗಿ ಬಲಿಪೂಜೆ, ಪ್ರಾರ್ಥನೆಗಳೊಂದಿಗೆ ದಾನವನ್ನೂ ಮಾಡುವಂತೆ ತಿಳಿಸುತ್ತದೆ.

ಇದು ಹೊಸ ಬೋಧನೆಯಲ್ಲ. ಮಕ್ಕಬಿಯರ ಎರಡನೆಯ ಗ್ರಂಥದ 12ನೇ ಅಧ್ಯಾಯದಲ್ಲಿ, ಯುದ್ಧದಲ್ಲಿ ಮಡಿದ ತನ್ನವರಿಗಾಗಿ ಯೂದನು ಎರಡು ಸಾವಿರ ಬೆಳ್ಳಿ ನಾಣ್ಯಗಳನ್ನು ಸಂಗ್ರಹಿಸಿ, ಪಾಪಪರಿಹಾರದ ಬಲಿಗಾಗಿ ಜೆರುಸಲೇಮಿಗೆ ಕಳುಹಿಸುತ್ತಾನೆ. ಸುಮಾರು 1000ನೇ ಇಸವಿಯ ವೇಳೆಗೆ ಫ್ರಾನ್ಸಿನ ಕ್ಲೂನಿ ಮಠಾಧಿಪತಿ ಸಂತ ಓದಿಲೋ ತಮ್ಮ ಮಠಗಳಲ್ಲಿ ಈ ಸ್ಮರಣೆಯನ್ನು ಆರಂಭಿಸಿದಾಗಲೂ ಪ್ರಾರ್ಥನೆ ಮತ್ತು ದಾನ ಎರಡೂ ಜೊತೆಯಾಗಿಯೇ ಇದ್ದವು.

ಹಾಗಾದರೆ ಯಾವ ದಾನ ಮಾಡಬೇಕು? ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿದೆ. ಯೊಪ್ಪ ಊರಿನಲ್ಲಿ ತಬಿಥಾ ಎಂಬ ಭಕ್ತೆ ತೀರಿಕೊಂಡಳು. ಸಂತ ಪೇತ್ರರು ಬಂದಾಗ ವಿಧವೆಯರು ಅವಳನ್ನು ಬಾಯಿಮಾತಿನಲ್ಲಿ ಹೊಗಳಲಿಲ್ಲ. ಅವಳು ಹೊಲಿದುಕೊಟ್ಟಿದ್ದ ಬಟ್ಟೆಗಳನ್ನು ತೋರಿಸಿ ಅತ್ತರು. ಅವಳ ಬದುಕು ಆ ಬಟ್ಟೆಗಳಲ್ಲಿತ್ತು. ನಮ್ಮ ಹಿರಿಯರ ಬದುಕೂ ಹೀಗೆಯೇ ಎಲ್ಲೋ ಒಂದು ಕಡೆ ಉಳಿದಿರುತ್ತದೆ. ಅದನ್ನು ಗುರುತಿಸಿ ಮುಂದುವರಿಸುವುದೇ ನಿಜವಾದ ಸ್ಮರಣೆ.

ಸಂತ ಮೋನಿಕಾ ಆಫ್ರಿಕಾದ ತಮ್ಮ ಊರಿನ ವಾಡಿಕೆಯಂತೆ ಸಂತರ ಸಮಾಧಿಗಳಿಗೆ ರೊಟ್ಟಿ, ದ್ರಾಕ್ಷಾರಸ ಒಯ್ಯುತ್ತಿದ್ದರು. ಮಿಲಾನಿನಲ್ಲಿ ಧರ್ಮಾಧ್ಯಕ್ಷರಾದ ಸಂತ ಆಂಬ್ರೋಸರು ಇದನ್ನು ನಿಲ್ಲಿಸಿದ್ದಾರೆಂದು ತಿಳಿದಾಗ ಅವರು ಬೇಸರಿಸಲಿಲ್ಲ. ಸಮಾಧಿಗೆ ಪ್ರಾರ್ಥನೆಯನ್ನು ಒಯ್ದರು. ಕೈಲಾದದ್ದನ್ನು ಬಡವರಿಗೆ ಕೊಟ್ಟರು. ಅವರ ಮಗ ಸಂತ ಅಗಸ್ಟೀನರೇ ಇದನ್ನು ಬರೆದಿಟ್ಟಿದ್ದಾರೆ.

ನಮ್ಮ ನಾಡಿನಲ್ಲೂ ಇದಕ್ಕೆ ನಿದರ್ಶನವಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅಕಾಲಿಕವಾಗಿ ಅಗಲಿದಾಗ ಅವರ ಕಣ್ಣುಗಳು ನಾಲ್ವರಿಗೆ ದೃಷ್ಟಿಯಾದವು. 2006ರಲ್ಲಿ ತೀರಿಕೊಂಡ ಅವರ ತಂದೆಯವರ ಕಣ್ಣುಗಳೂ ದಾನವಾಗಿದ್ದವು. ಪುನೀತರನ್ನು ಪ್ರೀತಿಸಿದ ಅನೇಕರು ಅತ್ತು ಸುಮ್ಮನಾಗಲಿಲ್ಲ. ನೇತ್ರದಾನಕ್ಕೆ ಹೆಸರು ಬರೆಸಿದರು, ರಕ್ತದಾನ, ಅನ್ನದಾನ ಮಾಡಿದರು. ಜಗದ್ಗುರು ಎರಡನೆಯ ಜಾನ್ ಪೌಲರು 1995ರಲ್ಲಿ ತಮ್ಮ ವಿಶ್ವಪತ್ರದಲ್ಲಿ ಅಂಗದಾನವನ್ನು ಮೆಚ್ಚಿ ಬರೆದಿದ್ದಾರೆ. ಮರಣದ ನಂತರ ಸುಮಾರು ಆರು ಗಂಟೆಗಳೊಳಗೆ ಕಣ್ಣು ತೆಗೆಯಬೇಕಾದ್ದರಿಂದ ಈ ಇಚ್ಛೆಯನ್ನು ಮನೆಯವರಿಗೆ ಮೊದಲೇ ತಿಳಿಸಿರಬೇಕು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ನಮ್ಮ ಕುಟುಂಬಗಳು ಇದನ್ನು ಹೇಗೆ ಆಚರಿಸಬಹುದು? ಮೊದಲು, ತೀರಿಕೊಂಡವರು ಯಾರಿಗಾದರೂ ಕೂಲಿಯನ್ನೋ ಸಾಲವನ್ನೋ ಕೊಡಬೇಕಿದ್ದರೆ ಅದನ್ನು ತೀರಿಸೋಣ. ನ್ಯಾಯ ಮೊದಲು, ದಾನ ಆಮೇಲೆ. ಎರಡನೆಯದಾಗಿ, ಅವರ ದಯೆಯ ದಾರಿ ಯಾವುದಿತ್ತೆಂದು ಮನೆಮಂದಿ ಒಟ್ಟಿಗೆ ಕುಳಿತು ನೆನೆಯೋಣ. ಚನ್ನಗಿರಿಯ ಕಡೆ ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸರಿಗೆ ಅಮ್ಮ ಊಟವಿಕ್ಕುತ್ತಿದ್ದರೆ, ಅವಳ ಹೆಸರಿನಲ್ಲಿ ಅವರಲ್ಲೊಬ್ಬರ ಔಷಧಿಯ ಖರ್ಚು ನೋಡಿಕೊಳ್ಳಬಹುದು. ಹೊನ್ನಾಳಿ, ನ್ಯಾಮತಿಯ ಹೊಲಗದ್ದೆಗಳಲ್ಲಿ ನೆರೆಯವರಿಗೆ ಬಿತ್ತನೆ ಬೀಜ ಕೊಟ್ಟು ನೆರವಾಗುತ್ತಿದ್ದ ಅಪ್ಪನ ನೆನಪಿಗೆ ಒಬ್ಬ ಬಡ ರೈತನಿಗೆ ಬೀಜ ಕೊಡಿಸಬಹುದು. ಜಗಳೂರಿನ ಕಡೆ ಮಳೆ ಕೈಕೊಟ್ಟ ವರ್ಷ ಕೂಲಿ ಅರಸಿ ಊರು ಬಿಡುವವರ ಮಗುವೊಂದರ ಓದು ನಿಲ್ಲದಂತೆ ನೋಡಿಕೊಳ್ಳಬಹುದು. ಯಾರಿಗೆ ಕೊಡಬೇಕೆಂದು ತಿಳಿಯದಿದ್ದರೆ ಧರ್ಮಕೇಂದ್ರದ ಗುರುಗಳನ್ನು ಕೇಳಬಹುದು. ಪಡೆಯುವವರು ಯಾವ ಜಾತಿ, ಯಾವ ಮತದವರೆಂದು ನೋಡುವುದು ಬೇಡ.

ಒಂದು ಎಚ್ಚರಿಕೆಯ ಮಾತು. ವರ್ಷದ ಪೂಜೆಯ ಊಟಕ್ಕಾಗಿ ಸಾಲ ಮಾಡಿ, ಉಳಿದವರು ಬಡ್ಡಿ ಕಟ್ಟುತ್ತಾ ನರಳುವುದು ಅಗಲಿದವರಿಗೆ ಗೌರವವಲ್ಲ. ಬಡ ವಿಧವೆಯ ಎರಡು ಕಾಸನ್ನು ಮೆಚ್ಚಿದ ಪ್ರಭು ನಮ್ಮ ಊಟದ ಎಲೆಗಳನ್ನು ಎಣಿಸುವುದಿಲ್ಲ. ಊಟದ ಖರ್ಚಿನಲ್ಲಿ ಒಂದು ಪಾಲನ್ನಾದರೂ ಬಡವರಿಗೆ ತೆಗೆದಿಡೋಣ. ಎಡಗೈ ಅರಿಯದಂತೆ ಬಲಗೈ ಕೊಡಲಿ. ಪಡೆದವರ ಫೋಟೋ ತೆಗೆಸುವುದು ಬೇಡ.

ದಾನ ಬಲಿಪೂಜೆಗೆ ಬದಲಿಯಲ್ಲ, ದೇವರ ಕರುಣೆಗೆ ಕೊಡುವ ಬೆಲೆಯೂ ಅಲ್ಲ. ಅದು ಪ್ರೀತಿಯ ಪ್ರಾರ್ಥನೆ. ಹಸಿದವರಿಗೆ ಕೊಟ್ಟದ್ದು ತಮಗೇ ಕೊಟ್ಟಂತೆ ಎಂದು ಯೇಸುಸ್ವಾಮಿ ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ನಮಗೆ ಮಾತು ಕೊಟ್ಟಿದ್ದಾರೆ. ನಮ್ಮ ಪ್ರಿಯರು ಇರುವುದು ಆ ಸ್ವಾಮಿಯ ಕೈಯಲ್ಲೇ. ಬಡವರ ಕೈಗೆ ನಾವಿಟ್ಟದ್ದು ಅವರನ್ನು ತಲುಪದೇ ಇದ್ದೀತೇ? ಈ ನವೆಂಬರಿನಲ್ಲಿ ಸಮಾಧಿಯ ಮೇಲೊಂದು ದೀಪ, ಬಡವರ ಮನೆಯಲ್ಲೊಂದು ದೀಪ ಹಚ್ಚೋಣ. ಅಗಲಿದ ಎಲ್ಲ ಆತ್ಮಗಳಿಗೆ ದೇವರು ನಿತ್ಯಶಾಂತಿಯನ್ನು ದಯಪಾಲಿಸಲಿ. ಆಮೆನ್.