ಜೀವಕೋಶದ ಪೊರೆಗೂ ಖರ್ಚಿನ ಲೆಕ್ಕವಿದೆ

ನಮ್ಮ ಮನೆಯ ಉರ್ದುವಿನಲ್ಲೂ ಕಾಲೇಜಿನ ಕನ್ನಡದಲ್ಲೂ ಖರ್ಚು ಖರ್ಚೇ. ಜೀವಕೋಶಕ್ಕೂ ಅದು ತಪ್ಪಿದ್ದಲ್ಲ. ಹಾಗಾಗಿ ಈ ವಿಜ್ಞಾನದ ವಿಷಯ ನಮ್ಮ ವಾಣಿಜ್ಯ ವಿಭಾಗದವರಿಗೂ ಅರ್ಥವಾಗುವಂಥದ್ದು.

ಪ್ರತಿ ಜೀವಕೋಶದ ಸುತ್ತ ಕೊಬ್ಬಿನ ಅಣುಗಳ ಎರಡು ಪದರದ ಪೊರೆ ಇದೆ. ದಪ್ಪ ಸುಮಾರು 5 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರನ್ನು ಎರಡು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು. ಹೊರಗಿನ ವಸ್ತುವನ್ನು ಒಳಗೆ ತರಲು ಈ ಪೊರೆ ಒಳಕ್ಕೆ ಬಾಗಿ, ಗುಳ್ಳೆಯಾಗಿ ಕಳಚಿಕೊಳ್ಳುತ್ತದೆ. ಬಾಗಲು ಶಕ್ತಿ ಬೇಕು. ಎಷ್ಟು?

1973ರಲ್ಲಿ ಜರ್ಮನಿಯ ಭೌತವಿಜ್ಞಾನಿ ವೋಲ್ಫ್‌ಗಾಂಗ್ ಹೆಲ್‌ಫ್ರಿಶ್ ಇದಕ್ಕೊಂದು ಸೂತ್ರ ಕೊಟ್ಟರು. ಪೊರೆಯ ಬಿಗಿತ, ಬಾಗುವಿಕೆಯ ವರ್ಗ, ವಿಸ್ತೀರ್ಣ, ಈ ಮೂರರ ಗುಣಾಕಾರವೇ ಅದರ ತಿರುಳು. ಗುಳ್ಳೆಯ ತ್ರಿಜ್ಯ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಬಾಗುವಿಕೆಯ ವರ್ಗ ಕಾಲು ಭಾಗಕ್ಕೆ ಇಳಿಯುತ್ತದೆ. ಗುಣಿಸಿದರೆ ಮೊದಲಿನಷ್ಟೇ! ಗುಳ್ಳೆ ಸಣ್ಣದಿರಲಿ ದೊಡ್ಡದಿರಲಿ, ಖರ್ಚು ಬಿಗಿತದ ಸುಮಾರು 25 ಪಟ್ಟು. ನಾವು ಓದುವ ಸ್ಥಿರ ವೆಚ್ಚದ ಹಾಗೆ.

ಶಾಖದಿಂದ ಅಣುಗಳು ಸದಾ ಅಲುಗಾಡುತ್ತಿರುತ್ತವಲ್ಲ, ಆ ಪುಟ್ಟ ಶಕ್ತಿಯನ್ನು ಒಂದು ರೂಪಾಯಿ ಎಂದಿಟ್ಟುಕೊಳ್ಳಿ. ಪೊರೆಯ ಬಿಗಿತ ಸುಮಾರು 20 ರೂಪಾಯಿ, ಹಾಗಾದರೆ ಒಂದು ಗುಳ್ಳೆಗೆ 500 ರೂಪಾಯಿ. ಬರೀ ಅಲುಗಾಟದಿಂದ ಇಷ್ಟು ಹುಟ್ಟುವುದಿಲ್ಲ.

ಇಲ್ಲಿ ಪ್ರೋಟೀನ್‌ಗಳು ಕೈಜೋಡಿಸುತ್ತವೆ. ಬಾಳೆಹಣ್ಣಿನಂತೆ ಬಾಗಿರುವ ಬಾರ್ ಪ್ರೋಟೀನ್‌ಗಳು ಪೊರೆಗೆ ಅಂಟಿ ತಮ್ಮ ಆಕಾರವನ್ನೇ ಅದಕ್ಕೆ ಕೊಡುತ್ತವೆ. ಮೂರು ಕಾಲಿನ ಕ್ಲಾಥ್ರಿನ್‌ಗಳು ಹತ್ತಾರು ಸೇರಿ ಫುಟ್‌ಬಾಲ್‌ನಂಥ ಪಂಜರ ಕಟ್ಟುತ್ತವೆ. ಹೆಲ್‌ಫ್ರಿಶ್ ಸೂತ್ರದಲ್ಲಿ ಇದಕ್ಕೂ ಜಾಗವಿದೆ. ಪೊರೆ ತಾನಾಗಿ ಬಾಗಲು ಒಲಿಯುವಷ್ಟನ್ನು ಮೊದಲೇ ಕಳೆದು, ಉಳಿದದ್ದಕ್ಕೆ ಮಾತ್ರ ಲೆಕ್ಕ ಹಾಕುತ್ತಾರೆ. ಅಂಗಡಿಯ ಭಾಷೆಯಲ್ಲಿ ರಿಯಾಯಿತಿ. ಆದರೆ ಪುಕ್ಕಟೆಯಲ್ಲ, ಪ್ರೋಟೀನ್‌ಗಳು ಪೊರೆಗೂ ಒಂದಕ್ಕೊಂದೂ ಅಂಟುವಾಗ ಬಿಡುಗಡೆಯಾಗುವ ಶಕ್ತಿಯೇ ಅದನ್ನು ಭರಿಸುತ್ತದೆ.

ಈ ಗುಳ್ಳೆಗಳ ಮೇಲೆ ನಮ್ಮ ಆರೋಗ್ಯವೂ ನಿಂತಿದೆ. ರಕ್ತದ ಕೊಲೆಸ್ಟ್ರಾಲ್ ಜೀವಕೋಶದೊಳಗೆ ಹೋಗುವುದು ಕ್ಲಾಥ್ರಿನ್ ಕಟ್ಟುವ ಗುಳ್ಳೆಗಳಲ್ಲಿ. ಕೆಲವು ರೋಗಿಗಳಲ್ಲಿ ಕೊಲೆಸ್ಟ್ರಾಲನ್ನು ಹಿಡಿಯುವ ಪ್ರೋಟೀನ್ ತನ್ನ ಕೆಲಸ ಮಾಡಿದರೂ ಆ ಗುಳ್ಳೆ ಏಳುವ ಜಾಗಕ್ಕೆ ಬಂದು ಸೇರುವುದಿಲ್ಲ. ಕೊಲೆಸ್ಟ್ರಾಲ್ ರಕ್ತದಲ್ಲೇ ಉಳಿದು ಎಳೆಯ ವಯಸ್ಸಿನಲ್ಲೇ ಹೃದಯರೋಗ ತರುತ್ತದೆ. ಇದನ್ನು ಕಂಡುಕೊಂಡ ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ ಕೊಲೆಸ್ಟ್ರಾಲ್ ಸಂಶೋಧನೆಗಾಗಿ 1985ರಲ್ಲಿ ನೊಬೆಲ್ ಬಂತು.

ಹೆಲ್‌ಫ್ರಿಶ್ ಪೊರೆಯ ಒಂದೊಂದು ಅಣುವನ್ನೂ ಎಣಿಸಲಿಲ್ಲ. ಅದನ್ನು ನುಣುಪಾದ ಹಾಳೆಯೆಂದು ಭಾವಿಸಿ, ಖರ್ಚು ಎಲ್ಲಿ ಬೀಳುತ್ತದೆ ಎಂದಷ್ಟೇ ಕೇಳಿದರು. ಗಣಿತದ ಮಾದರಿ ಎಂದರೆ ಇಷ್ಟೇ. ಈ ಪ್ರಶ್ನೆಯನ್ನು ಅಕೌಂಟೆನ್ಸಿ ತರಗತಿಯಲ್ಲಿ ನಾವು ದಿನವೂ ಕೇಳುತ್ತೇವೆ.