ಅನುಮತಿ ಕೇಳುವ ಮದುವೆ ಕಾಗದ

ಪರರ ಮನೆಗೆ ಹೋದಾಗ ಸಲಾಮ್ ಹೇಳಿ, ಅನುಮತಿ ಪಡೆದ ಬಳಿಕವೇ ಒಳಗೆ ಕಾಲಿಡಬೇಕೆಂದು ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯವು ಕಲಿಸುತ್ತದೆ. ಮೂರು ಬಾರಿ ಕೇಳಿಯೂ ಅನುಮತಿ ಸಿಗದಿದ್ದರೆ ಹಿಂದಿರುಗಬೇಕೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಮದ್ರಸದಲ್ಲಿ ಈ ಪಾಠ ಮಾಡುವಾಗ ನಾನು ಬಾಗಿಲು, ಕಿಟಕಿಗಳ ಉದಾಹರಣೆಯನ್ನಷ್ಟೇ ಕೊಡುತ್ತಿದ್ದೆ. ಈಗ ಮೊಬೈಲನ್ನೂ ಸೇರಿಸಿಕೊಂಡಿದ್ದೇನೆ.

ವಿದ್ಯಾರ್ಥಿಯೊಬ್ಬನ ತಾಯಿಗೆ ಸಂಬಂಧಿಕರ ನಂಬರಿನಿಂದಲೇ ವಾಟ್ಸಾಪಿನಲ್ಲಿ ಮದುವೆಯ ಆಮಂತ್ರಣ ಬಂತು. ಯಾರ ಮದುವೆಯೋ ಎಂಬ ಕುತೂಹಲದಿಂದ ಒತ್ತಿದರು. ಕಾಗದ ತೆರೆಯಲಿಲ್ಲ. ಇನ್‌ಸ್ಟಾಲ್ ಮಾಡಲೇ, ಮೆಸೇಜು ಓದಲೇ ಎಂದು ಮೊಬೈಲ್ ಒಂದರ ಮೇಲೊಂದು ಪ್ರಶ್ನೆ ಕೇಳಿತು. ಎಲ್ಲದಕ್ಕೂ ಸರಿ ಎಂದು ಒತ್ತಿ, ಏನೂ ಕಾಣದಿದ್ದಾಗ ಫೋನನ್ನು ಬದಿಗಿಟ್ಟು ಅಡುಗೆ ಮನೆಗೆ ಹೋದರು. ಸೌದಿಯಲ್ಲಿರುವ ಗಂಡ ಕಳುಹಿಸಿದ್ದ ಹಣದಲ್ಲಿ ಹೆಚ್ಚಿನ ಪಾಲು ಅಂದು ಸಂಜೆಯೊಳಗೆ ಖಾತೆಯಿಂದ ಹೊರಟು ಹೋಗಿತ್ತು.

ಈ ವಂಚನೆ ಹೊಸದಲ್ಲ. 2024ರ ನವೆಂಬರಿನಲ್ಲೇ ಹಿಮಾಚಲ ಪ್ರದೇಶದ ಪೊಲೀಸರು ಮದುವೆ ಕಾಗದದ ಹೆಸರಿನಲ್ಲಿ ಬರುವ ಫೈಲುಗಳ ಕುರಿತು ಎಚ್ಚರಿಸಿದ್ದರು. ನಿಜವಾದ ಆಮಂತ್ರಣವು ಚಿತ್ರವಾಗಿಯೋ ವಿಡಿಯೋ ಆಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂಬ ಮೂರಕ್ಷರವಿದ್ದರೆ ಅದು ಕಾಗದವಲ್ಲ, ಆ್ಯಪ್. ಟ್ರಾಫಿಕ್ ದಂಡದ ಚಲನ್, ಬ್ಯಾಂಕಿನ ಕೆವೈಸಿ ಎಂಬ ಹೆಸರಿನಲ್ಲೂ ಇದೇ ಬರುತ್ತದೆ. ಮೆಸೇಜು ಓದಲು ನೀವು ಅನುಮತಿ ಕೊಟ್ಟ ಕ್ಷಣದಿಂದ ನಿಮ್ಮ ಒಟಿಪಿಗಳು ವಂಚಕನ ಕೈಗೂ ತಲುಪುತ್ತವೆ. ವಾಟ್ಸಾಪಿನ ದೃಢೀಕರಣ ಸಂಖ್ಯೆಯೂ ಮೆಸೇಜಿನಲ್ಲೇ ಬರುವುದರಿಂದ ಅವನು ನಿಮ್ಮ ವಾಟ್ಸಾಪನ್ನೂ ವಶಪಡಿಸಿಕೊಂಡು, ನಿಮ್ಮ ಬಂಧುಗಳಿಗೆ ಅದೇ ಕಾಗದ ಕಳುಹಿಸಬಲ್ಲ. ಆದುದರಿಂದ ಪರಿಚಿತ ನಂಬರಿನಿಂದ ಬಂತೆಂದು ನೆಚ್ಚಿಕೊಳ್ಳಬೇಡಿ. ಕಳುಹಿಸಿದವರಿಗೆ ಒಂದು ಕರೆ ಮಾಡಿ ಕೇಳಿ. ಮದುವೆ ಮನೆಯವರು ಅದಕ್ಕೆ ಬೇಸರಿಸಲಾರರು!

ಇಂದೇ ಮೊಬೈಲಿನ ಸೆಟ್ಟಿಂಗ್ಸ್ ತೆರೆದು, ಮೆಸೇಜು ಓದುವ ಅನುಮತಿ ಯಾವ ಯಾವ ಆ್ಯಪ್‌ಗಳಿಗಿದೆಯೆಂದು ನೋಡಿ. ಟಾರ್ಚಿನ ಆ್ಯಪಿಗೆ ನಿಮ್ಮ ಮೆಸೇಜು ಏಕೆ ಬೇಕು? ವಾಟ್ಸಾಪಿನಲ್ಲಿ ಎರಡು ಹಂತದ ದೃಢೀಕರಣದ ಪಿನ್ ಇಟ್ಟುಕೊಳ್ಳಿ. ಒತ್ತಿಯಾಗಿದ್ದರೆ ತಕ್ಷಣ ಇಂಟರ್ನೆಟ್ ನಿಲ್ಲಿಸಿ, ಬೇರೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಕರೆ ಮಾಡಿ. ಇದು ಸೈಬರ್ ಆರ್ಥಿಕ ವಂಚನೆಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ. ಹಣ ಯಾವ ಖಾತೆಗೆ ಹೋಗಿದೆಯೋ ಆ ಬ್ಯಾಂಕಿಗೆ ಇಲ್ಲಿಂದ ಸೂಚನೆ ಹೋಗುತ್ತದೆ. ಹಣ ಅಲ್ಲಿಯೇ ಉಳಿದಿದ್ದರೆ ತಡೆಹಿಡಿಯಲು ಸಾಧ್ಯ. ಆದರೆ ವಂಚಕರು ಅದನ್ನು ಬೇಗನೆ ಖಾತೆಯಿಂದ ಖಾತೆಗೆ ದಾಟಿಸಿ ನಗದು ಮಾಡಿಕೊಳ್ಳುತ್ತಾರೆ. ಆದ್ದರಿಂದ ಮೊದಲ ಗಂಟೆಗಳು ಬಹಳ ಮುಖ್ಯ. ಗ್ರಾಹಕರ ತಪ್ಪಿನಿಂದಲೇ ಹಣ ಹೋದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟವನ್ನು ಬ್ಯಾಂಕೇ ಭರಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಸೂಚಿಸಿತ್ತು.

ಆ ತಾಯಿ ಎರಡು ದಿನ ಯಾರಿಗೂ ಹೇಳಲಿಲ್ಲ. ಗಂಡ ಏನೆನ್ನುವರೋ, ಅತ್ತೆ ಏನೆನ್ನುವರೋ ಎಂಬ ಭಯ. ಹಣ ಕಳೆದುಕೊಂಡ ಹೆಣ್ಣನ್ನು ದಡ್ಡಿಯೆಂದು ಮೂದಲಿಸುವ ನಮ್ಮ ಮನೆಗಳ ಅಭ್ಯಾಸವೇ ವಂಚಕನಿಗೆ ಆ ಎರಡು ದಿನಗಳನ್ನು ಕೊಟ್ಟಿತೆಂದು ನಾನು ಭಾವಿಸುತ್ತೇನೆ. ಓದಿದ ಗಂಡಸರೂ ಹೀಗೆಯೇ ಮೋಸ ಹೋಗಿದ್ದಾರೆ. ಅವರನ್ನು ಯಾರೂ ಮೂದಲಿಸುವುದಿಲ್ಲ, ಅಷ್ಟೆ.

ಮೂರನೆಯ ದಿನ ಆಕೆ ಮಗನೊಂದಿಗೆ ಮದ್ರಸಕ್ಕೆ ಬಂದರು. ದೂರು ದಾಖಲಾಯಿತು, ಆದರೆ ಹಣ ಅಷ್ಟರಲ್ಲಿ ಹಲವು ಖಾತೆಗಳನ್ನು ದಾಟಿಯಾಗಿತ್ತು. ಅಲ್ಲಿಂದಲೇ ಗಂಡನಿಗೆ ಕರೆ ಮಾಡಿದರು. ಅವರು ಗದರಲಿಲ್ಲ, ಅಂದೇ ಏಕೆ ಹೇಳಲಿಲ್ಲವೆಂದಷ್ಟೇ ಕೇಳಿದರು. ಬಳಿಕ ಆಕೆಯ ನಂಬರಿನಿಂದ ಅದೇ ಕಾಗದ ಹೋಗಿದ್ದ ಸಂಬಂಧಿಕರಿಗೆಲ್ಲ ನನ್ನ ಫೋನಿನಿಂದ ತಿಳಿಸಿದೆವು. ಇಬ್ಬರು ಆಗಲೇ ಒತ್ತಿಯಾಗಿತ್ತು.