ಹೇಳುವ ನೆಲೆ, ಉಳಿಸುವ ನೆಲೆ: ಸ್ವಂತ ಬಾಳಿನ ಕಥೆಗಳೂ ಜಾಲತಾಣಗಳೂ

ಮನುಷ್ಯನ ಬಾಳಿನ ಕಥೆಗೆ ಎರಡು ಅವಸ್ಥೆಗಳುಂಟು. ಅದು ಹೇಳಲ್ಪಡುವುದು ಮೊದಲನೆಯದು. ಹೇಳಿದ ಮೇಲೆ ಉಳಿಯುವುದು ಎರಡನೆಯದು. ಕನ್ನಡನಾಡಿನ ವೀರಗಲ್ಲುಗಳನ್ನು ನೋಡಿದವರಿಗೆ ಈ ಎರಡಕ್ಕೂ ಇರುವ ಸಂಬಂಧ ಹೊಳೆಯದೆ ಇರದು. ಊರ ತುರುಗಳನ್ನು ಬಿಡಿಸಲು ಹೋಗಿ ಮಡಿದವನ ವೃತ್ತಾಂತವು ಅಲ್ಲಿ ಚಿತ್ರವಾಗಿಯೂ ಬರೆಹವಾಗಿಯೂ ಒಂದೇ ಕಲ್ಲಿನ ಮೇಲೆ ನಿಂತಿರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ದೇವರ ಸನ್ನಿಧಿ: ಓದು ಬಾರದವನಿಗೂ ಕಥೆ ತಿಳಿಯುವಂತಹ ಏರ್ಪಾಡು ಅದು. ದಾನಶಾಸನಗಳಂತೂ ಇನ್ನೂ ಮುಂದೆ ಹೋಗಿ, ಈ ಧರ್ಮವನ್ನು ಅಳಿದವನಿಗೆ ಘೋರ ಪಾಪ ತಟ್ಟಲೆಂಬ ಶಾಪಾಶಯದೊಂದಿಗೆ ಮುಗಿಯುತ್ತವೆ. ಬರೆಯಿಸಿದವರು ಬರೆಹದ ಉಳಿವನ್ನೂ ತಮ್ಮ ಹೊಣೆಯೆಂದೇ ಭಾವಿಸಿದ್ದರೆಂಬುದಕ್ಕೆ ಇದು ಸಾಕ್ಷಿ.

ಕಳೆದ ಮೂರು ದಶಕಗಳಲ್ಲಿ ಸಾಮಾನ್ಯ ಜನರ ಬಾಳಿನ ಕಥೆಗಳನ್ನು ಲಿಪಿ, ಚಿತ್ರ, ಧ್ವನಿ, ಚಲಚ್ಚಿತ್ರ ಎಂಬ ನಾನಾ ಮಾಧ್ಯಮಗಳಲ್ಲಿ ಹಂಚಿಕೊಳ್ಳಲು ಹೊಸ ಬಗೆಯ ಸಂಸ್ಥೆಗಳು ಹುಟ್ಟಿಕೊಂಡಿವೆ. ಸಾಮಾಜಿಕ ಜಾಲತಾಣವೆಂದು ಇವುಗಳಿಗೆ ಹೆಸರು. ಇವುಗಳಲ್ಲಿ ಬಹುಮಟ್ಟಿನವು ಸ್ಟಾರ್ಟ್‌ಅಪ್ ಎಂದು ಕರೆಯಲ್ಪಡುವ ನವೋದ್ಯಮಗಳಾಗಿ ತೊಡಗಿದಂಥವು. ಹೇಳುವ ಕೆಲಸವನ್ನು ಇವು ಎಷ್ಟು ಸುಲಭಗೊಳಿಸಿವೆ, ಉಳಿಸುವ ಕೆಲಸವನ್ನು ಎಷ್ಟರಮಟ್ಟಿಗೆ ನಡೆಸಿವೆ ಎಂಬುದನ್ನು ಬೇರೆ ಬೇರೆಯಾಗಿಯೇ ಪರಿಶೀಲಿಸಬೇಕಾಗುತ್ತದೆ. ಈ ಭೇದವನ್ನು ಮರೆತವರು ತಮ್ಮ ಕಥೆಗಳನ್ನು ಕಳೆದುಕೊಂಡ ನಿದರ್ಶನಗಳು ಹೇರಳವಾಗಿವೆ.

ಮೊದಲು ಹೇಳುವ ಕೆಲಸವನ್ನು ನೋಡಬಹುದು. ೧೯೯೮ರಲ್ಲಿ ಅಮೆರಿಕದ ಬ್ರೂಸ್ ಏಬಲ್‌ಸನ್ ಎಂಬುವರು ಓಪನ್ ಡೈರಿ ಎಂಬ ತಾಣವನ್ನು ಆರಂಭಿಸಿದರು. ಅದುವರೆಗೆ ದಿನಚರಿಯೆಂಬುದು ಪೆಟ್ಟಿಗೆಯೊಳಗೆ ಇಡತಕ್ಕ ವಸ್ತುವಾಗಿತ್ತು. ಇಲ್ಲಿ ಒಬ್ಬರ ದಿನಚರಿಯನ್ನು ಅಪರಿಚಿತರು ಓದಿ, ಅದರ ಕೆಳಗೆ ತಮ್ಮ ಮಾತನ್ನು ಬರೆಯುವ ಅವಕಾಶವಾಯಿತು. ಬರೆದವನಿಗೆ ಕೇಳುಗರ ಮಂಡಲಿಯೊಂದು ದೊರೆತದ್ದೇ ಇದರ ವಿಶೇಷ. ಜಗಲಿಯ ಮೇಲೆ ಕುಳಿತು ಹೇಳುವಾಗ ಎದುರಿನವರ ಹೂಂಗುಟ್ಟುವಿಕೆ ಹೇಗೆ ಕಥೆಯನ್ನು ಮುಂದಕ್ಕೆ ನಡೆಸುವುದೋ ಹಾಗೆಯೇ ಈ ಪ್ರತಿವಚನಗಳು ಬರೆಹವನ್ನು ನಡೆಸಿದವು. ತರುವಾಯ ಬಂದ ತಾಣಗಳೆಲ್ಲ ಈ ಕ್ರಮವನ್ನೇ ಯಾವುದಾದರೊಂದು ರೂಪದಲ್ಲಿ ಅಂಗೀಕರಿಸಿವೆ.

ನಾನಾ ಮಾಧ್ಯಮಗಳನ್ನು ಕೂಡಿಸುವುದರಲ್ಲಿ ಗಮನಾರ್ಹವಾದ ಪ್ರಯೋಗವೆಂದರೆ ಕಲಾವಿದ ಜೊನಾಥನ್ ಹ್ಯಾರಿಸ್ ೨೦೧೧ರಲ್ಲಿ ತೆರೆದ ಕೌಬರ್ಡ್. ಇಲ್ಲಿ ಒಂದು ಕಥೆಯೆಂದರೆ ಒಂದು ಚಿತ್ರ, ಅದರೊಂದಿಗೆ ಬರೆಹ, ಬೇಕಾದರೆ ಹೇಳುವವರ ಧ್ವನಿ. ಪ್ರತಿಯೊಂದು ಕಥೆಗೂ ಅದರಲ್ಲಿ ಬರುವ ವ್ಯಕ್ತಿಗಳು, ಸ್ಥಳ, ಕಾಲ, ವಿಷಯ ಇವುಗಳ ಗುರುತನ್ನು ಹಚ್ಚಲಾಗುತ್ತಿತ್ತು. ಈ ಗುರುತುಗಳ ಮೂಲಕ ಒಬ್ಬರ ಕಥೆಯಿಂದ ಇನ್ನೊಬ್ಬರ ಕಥೆಗೆ ದಾರಿ ತೆರೆಯುತ್ತಿತ್ತು. ೨೦೧೨ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯು ಪೈನ್ ರಿಜ್ ಎಂಬ ಪ್ರದೇಶದ ಲಕೋಟಾ ಜನರನ್ನು ಕುರಿತು ಛಾಯಾಚಿತ್ರಕಾರ ಆರನ್ ಹ್ಯೂಯಿ ಅವರ ಚಿತ್ರಗಳನ್ನು ಪ್ರಕಟಿಸಿದಾಗ, ಅದೇ ಜನರು ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳಲು ಕೌಬರ್ಡ್‌ನಲ್ಲಿ ಎಡೆಮಾಡಿಕೊಡಲಾಯಿತು. ಹೊರಗಿನವನ ಕ್ಯಾಮರಾಕ್ಕೆ ವಿಷಯವಾಗಿದ್ದವರು ತಾವೇ ವಕ್ತಾರರಾದರು. ಇಂತಹ ತಾಣಗಳಿಂದ ಆಗುವ ಅತ್ಯುತ್ತಮ ಪ್ರಯೋಜನ ಯಾವುದೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಆದರೂ ೨೦೧೭ರಲ್ಲಿ ಕೌಬರ್ಡ್ ಹೊಸ ಕಥೆಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿ, ಅದುವರೆಗಿನ ಸಂಗ್ರಹವನ್ನು ಓದಲು ಮಾತ್ರ ಇರಿಸಿದ ಭಂಡಾರವಾಗಿ ಮಾರ್ಪಟ್ಟಿತು.

ಏಕೆ ಹೀಗಾಗುತ್ತದೆಂಬುದನ್ನು ಅರಿಯಲು ಈ ಉದ್ಯಮದ ಖರ್ಚುವೆಚ್ಚವನ್ನು ಸ್ವಲ್ಪ ನೋಡಬೇಕು. ಯೂನಿಕೋಡ್ ಕ್ರಮದಲ್ಲಿ ಸಾಮಾನ್ಯವಾಗಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ ೩ ಬೈಟುಗಳ ಸ್ಥಳ ಬೇಕು. ಎರಡು ಸಾವಿರ ಚಿಹ್ನೆಗಳ ಒಂದು ಪುಟಕ್ಕೆ ಸುಮಾರು ೬,೦೦೦ ಬೈಟುಗಳು ಸಾಕು. ಸಾಧಾರಣ ಗುಣಮಟ್ಟದ ಧ್ವನಿಮುದ್ರಣಕ್ಕಾದರೋ ನಿಮಿಷವೊಂದಕ್ಕೆ ಹತ್ತು ಲಕ್ಷ ಬೈಟುಗಳಷ್ಟು ಬೇಕಾಗುತ್ತದೆ; ಎಂದರೆ ಅಜ್ಜಿಯ ಒಂದು ನಿಮಿಷದ ಮಾತು ನೂರೈವತ್ತು ಪುಟಗಳಿಗೂ ಹೆಚ್ಚಿನ ಸ್ಥಳವನ್ನು ಹಿಡಿಯುತ್ತದೆ. ಚಲಚ್ಚಿತ್ರಕ್ಕೆ ಇದರ ಹಲವು ಹತ್ತು ಪಟ್ಟು ಬೇಕು. ಈ ಸ್ಥಳವನ್ನು ಒಮ್ಮೆ ಕೊಂಡರೆ ತೀರಲಿಲ್ಲ. ಯಂತ್ರಗಳು ಸವೆಯುತ್ತವೆ, ವಿದ್ಯುತ್ತಿಗೆ ಹಣ ತೆರಬೇಕು, ಪ್ರತಿಗಳನ್ನು ಎರಡು ಮೂರು ಕಡೆ ಇರಿಸಬೇಕು. ಕಥೆ ಹೇಳುವುದು ಒಂದು ದಿನದ ಕೆಲಸ. ಅದನ್ನು ಇಟ್ಟುಕೊಳ್ಳುವ ವೆಚ್ಚ ಪ್ರತಿದಿನದ್ದು.

ನವೋದ್ಯಮಗಳು ಸಾಮಾನ್ಯವಾಗಿ ಬಂಡವಾಳಗಾರರ ಹಣದಿಂದ ಆರಂಭವಾಗಿ, ಮೊದಲಲ್ಲಿ ಲಾಭವನ್ನೆಣಿಸದೆ ಜನರ ಸಂಖ್ಯೆಯನ್ನು ಬೆಳೆಸುತ್ತವೆ. ತರುವಾಯ ಜಾಹೀರಾತಿನಿಂದಾಗಲಿ ಚಂದಾಹಣದಿಂದಾಗಲಿ ಆದಾಯವನ್ನು ಹುಟ್ಟಿಸಬೇಕು. ಇಲ್ಲವೆ ದೊಡ್ಡ ಸಂಸ್ಥೆಯೊಂದಕ್ಕೆ ಮಾರಾಟವಾಗಬೇಕು. ಜಾಹೀರಾತುಗಾರನಿಗೆ ಬೇಕಾದುದು ಇಂದು ಓದುವವರ ಕಣ್ಣು. ಇಪ್ಪತ್ತು ವರ್ಷಗಳ ಹಿಂದೆ ಒಬ್ಬರು ಬರೆದಿಟ್ಟ, ಅವರ ಮನೆಯವರು ಮಾತ್ರ ಎಂದೋ ಒಮ್ಮೆ ತೆರೆದು ನೋಡುವ ಪುಟದಿಂದ ಅವನಿಗೆ ಪ್ರಯೋಜನವಿಲ್ಲ. ಹೀಗೆ, ಕುಟುಂಬಕ್ಕೆ ಕಾಲ ಕಳೆದಷ್ಟೂ ಬೆಲೆ ಏರುವ ವಸ್ತುವು ಉದ್ಯಮಕ್ಕೆ ಕಾಲ ಕಳೆದಷ್ಟೂ ಭಾರವಾಗುತ್ತದೆ. ಇಲ್ಲಿ ಯಾರೊಬ್ಬರ ದುರುದ್ದೇಶವನ್ನೂ ಕಲ್ಪಿಸಬೇಕಾದುದಿಲ್ಲ. ಏರ್ಪಾಡಿನ ಸ್ವಭಾವವೇ ಅಂತಹುದು.

ಇದರ ಪರಿಣಾಮ ಚರಿತ್ರೆಯಲ್ಲಿ ಸ್ಪಷ್ಟವಾಗಿದೆ. ಯಾರು ಬೇಕಾದರೂ ತಮ್ಮದೊಂದು ಪುಟವನ್ನು ಕಟ್ಟಿಕೊಳ್ಳಬಹುದಾಗಿದ್ದ ಜಿಯೋಸಿಟೀಸ್ ೧೯೯೪ರಲ್ಲಿ ತೊಡಗಿ, ೧೯೯೯ರಲ್ಲಿ ಯಾಹೂ ಸಂಸ್ಥೆಯ ಕೈಸೇರಿ, ೨೦೦೯ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಮುಚ್ಚಲ್ಪಟ್ಟಿತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ತಂಡವೂ ಇಂಟರ್ನೆಟ್ ಆರ್ಕೈವ್ ಸಂಸ್ಥೆಯೂ ಅವಸರದಿಂದ ನಕಲು ಮಾಡಿಕೊಂಡಷ್ಟು ಪುಟಗಳು ಉಳಿದವು. ಓಪನ್ ಡೈರಿಯು ೨೦೧೪ರ ಫೆಬ್ರವರಿಯಲ್ಲಿ ಮುಚ್ಚಿ, ೨೦೧೮ರಲ್ಲಿ ಮತ್ತೆ ತೆರೆಯಿತು. ಭಾರತದಲ್ಲಿಯೂ ಬ್ರೆಜಿಲ್ ದೇಶದಲ್ಲಿಯೂ ವಿಶೇಷ ಜನಪ್ರಿಯತೆಯನ್ನು ಪಡೆದಿದ್ದ ಆರ್ಕುಟ್ ೨೦೦೪ರಲ್ಲಿ ಹುಟ್ಟಿ ೨೦೧೪ರ ಸೆಪ್ಟೆಂಬರ್ ೩೦ರಂದು ನಿಂತುಹೋಯಿತು. ತಮ್ಮ ಬರೆಹ, ಚಿತ್ರಗಳನ್ನು ಇಳಿಸಿಕೊಳ್ಳಲು ಬಳಕೆದಾರರಿಗೆ ಅವಧಿಯನ್ನೇನೋ ಕೊಡಲಾಗಿತ್ತು. ಅದನ್ನು ತಿಳಿಯದವರ ಪಾಲಿಗೆ ಆ ಅವಧಿಯೂ ಕಳೆಯಿತು. ೨೦೧೯ರಲ್ಲಿ ಮೈಸ್ಪೇಸ್ ಸಂಸ್ಥೆಯು, ಯಂತ್ರಗಳನ್ನು ಬದಲಿಸುವಾಗ ಹಳೆಯ ಚಿತ್ರ, ಧ್ವನಿ, ಚಲಚ್ಚಿತ್ರಗಳು ನಷ್ಟವಾಗಿರಬಹುದೆಂದು ತಿಳಿಸಿತು. ತಾಣವು ನಡೆಯುತ್ತಿರುವಾಗಲೇ ಅದರೊಳಗಿನ ವಸ್ತು ಇಲ್ಲವಾಗಬಹುದೆಂಬುದು ಇದರಿಂದ ಗೊತ್ತಾಯಿತು.

ಹಾಗಾದರೆ ಹೇಳುವ ನೆಲೆಯನ್ನೂ ಉಳಿಸುವ ನೆಲೆಯನ್ನೂ ಕೂಡಿಸಿದವರು ಇಲ್ಲವೆ? ಇದ್ದಾರೆ. ರೇಡಿಯೋ ಕಾರ್ಯಕ್ರಮಗಳ ನಿರ್ಮಾಪಕ ಡೇವ್ ಐಸೇ ೨೦೦೩ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಒಂದು ಚಿಕ್ಕ ಕೋಣೆಯನ್ನು ತೆರೆದರು. ಸ್ಟೋರಿಕಾರ್ಪ್ಸ್ ಎಂಬ ಲಾಭೇತರ ಸಂಸ್ಥೆಯ ಆರಂಭ ಅದು. ಪರಸ್ಪರ ಬಲ್ಲ ಇಬ್ಬರು, ತಾಯಿ ಮಗಳಾಗಲಿ ಹಳೆಯ ಗೆಳೆಯರಾಗಲಿ, ಆ ಕೋಣೆಯಲ್ಲಿ ಎದುರುಬದುರಾಗಿ ಕುಳಿತು ೪೦ ನಿಮಿಷ ಮಾತನಾಡುತ್ತಿದ್ದರು, ಸಹಾಯಕರೊಬ್ಬರು ಮುದ್ರಿಸಿಕೊಳ್ಳುತ್ತಿದ್ದರು. ಒಂದು ಪ್ರತಿ ಅವರ ಕೈಗೆ. ಅವರು ಒಪ್ಪಿದರೆ ಮತ್ತೊಂದು ಪ್ರತಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾನಪದ ಕೇಂದ್ರಕ್ಕೆ. ಆಯ್ದ ಭಾಗಗಳು ರೇಡಿಯೋದಲ್ಲಿ ಪ್ರಸಾರವಾದವು, ಪುಸ್ತಕಗಳಾದವು, ಚಿತ್ರಚಲನಗಳಾದವು. ೨೦೧೫ರಲ್ಲಿ ಕೈಫೋನಿನಿಂದಲೇ ಮುದ್ರಿಸಿ ಕಳುಹಿಸುವ ಸೌಕರ್ಯವೂ ಬಂದಿತು. ಮಾಧ್ಯಮಗಳು ಎಷ್ಟೇ ಬದಲಾದರೂ ಮೂಲಪ್ರತಿಯನ್ನು ಕಾಯುವ ಹೊಣೆಯನ್ನು, ಅದೇ ವೃತ್ತಿಯಾಗಿರುವ ಸಾರ್ವಜನಿಕ ಗ್ರಂಥಾಲಯವೊಂದಕ್ಕೆ ಒಪ್ಪಿಸಿದುದೇ ಇಲ್ಲಿನ ಮುಖ್ಯ ಸಂಗತಿ. ೧೯೩೦ರ ದಶಕದಲ್ಲಿ ಅಮೆರಿಕದ ಸರ್ಕಾರವು ನಿರುದ್ಯೋಗಿ ಲೇಖಕರಿಂದ ಬರೆಯಿಸಿದ ಸಾಮಾನ್ಯರ ಜೀವನವೃತ್ತಾಂತಗಳು ಅದೇ ಗ್ರಂಥಾಲಯದಲ್ಲಿ ಇಂದಿಗೂ ಓದಲು ದೊರೆಯುತ್ತವೆ.

ಭಾರತಕ್ಕೆ ಸಂಬಂಧಿಸಿದ ಉದಾಹರಣೆಯೂ ಉಂಟು. ದೇಶವಿಭಜನೆಯನ್ನು ಕಣ್ಣಾರೆ ಕಂಡವರ ನೆನಪುಗಳನ್ನು ಸಂಗ್ರಹಿಸಲು ಭೌತವಿಜ್ಞಾನಿ ಗುನೀತಾ ಸಿಂಗ್ ಭಲ್ಲಾ ಅಮೆರಿಕದಲ್ಲಿ ಸ್ಥಾಪಿಸಿದ ‘೧೯೪೭ ಪಾರ್ಟಿಷನ್ ಆರ್ಕೈವ್’ ಸಂಸ್ಥೆಯು, ತರಬೇತಿ ಪಡೆದ ಸಾಮಾನ್ಯ ನಾಗರಿಕರ ಮೂಲಕವೇ ಹತ್ತು ಸಾವಿರಕ್ಕೂ ಹೆಚ್ಚು ವೃತ್ತಾಂತಗಳನ್ನು ಕೂಡಿಸಿದೆ. ಇಲ್ಲಿಯೂ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದ ಸಹಯೋಗವನ್ನು ಪಡೆಯಲಾಗಿದೆ.

ಕನ್ನಡಿಗರಿಗೆ ಈ ವಿಷಯದಲ್ಲಿ ಇನ್ನೊಂದು ಅನುಭವವಿದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಗಣಕಯಂತ್ರದಲ್ಲಿ ಕನ್ನಡವನ್ನು ಬರೆದವರು ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಕ್ಷರಮಾದರಿಗಳನ್ನು ಅವಲಂಬಿಸಿದ್ದರು. ಆ ಅಕ್ಷರಮಾದರಿಯಿಲ್ಲದ ಯಂತ್ರದಲ್ಲಿ ಅದೇ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ವಸ್ತು ಉಳಿದರೆ ಸಾಲದು, ಅದನ್ನು ಓದುವ ಕೀಲಿಕೈಯೂ ಉಳಿಯಬೇಕೆಂಬುದು ಇದರ ಪಾಠ. ಹೊರನಾಡಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಕನ್ನಡವನ್ನು ಮಾತನಾಡಬಲ್ಲರು, ಆದರೆ ಓದಲಾರರು. ಅಂತಹವರಿಗೆ, ಉದ್ಯೋಗಕ್ಕಾಗಿ ಊರುಬಿಟ್ಟು ಬಂದ ಅಜ್ಜನ ಕಾಗದಗಳಿಗಿಂತ ಅವನ ಧ್ವನಿಯೇ ಹೆಚ್ಚು ಸುಲಭವಾಗಿ ದಕ್ಕುವುದು. ಆ ಧ್ವನಿ ಈಗ ಯಾರದೋ ಕೈಫೋನಿನಲ್ಲಿಯೋ ಯಾವುದೋ ತಾಣದಲ್ಲಿಯೋ ಇದೆ.

ಕಾಯಿದೆಯಿಂದ ದೊರೆಯುವ ರಕ್ಷಣೆ ಪರಿಮಿತವಾದುದು. ತನ್ನ ಮಾಹಿತಿಯನ್ನು ಒಂದು ಸಂಸ್ಥೆಯಿಂದ ಪಡೆದು ಮತ್ತೊಂದಕ್ಕೆ ಸಾಗಿಸುವ ಹಕ್ಕನ್ನು ಐರೋಪ್ಯ ಒಕ್ಕೂಟದ ನಿಯಮವು ೨೦೧೮ರಿಂದ ಕೊಟ್ಟಿದೆ. ಭಾರತದ ೨೦೨೩ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ ತಿದ್ದಿಸುವ, ಅಳಿಸುವ ಹಕ್ಕುಗಳಿವೆ. ಮರಣಾನಂತರ ತನ್ನ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡಲೂ ಅವಕಾಶವಿದೆ. ಸಾಗಿಸುವ ಹಕ್ಕು ಮಾತ್ರ ಇಲ್ಲ.

ಆದುದರಿಂದ ಜಾಲತಾಣವನ್ನು ಜಗಲಿಯಂತೆ ಬಳಸುವುದು ಯುಕ್ತವೇ ಹೊರತು ಅದನ್ನೇ ಭಂಡಾರವೆಂದು ನಂಬುವುದು ಯುಕ್ತವಲ್ಲ. ಕಥೆಯನ್ನು ಹಂಚಿಕೊಳ್ಳುವ ಮುನ್ನ ಮೂಲಪ್ರತಿಯೊಂದನ್ನು ಮನೆಯಲ್ಲಿ ಇರಿಸಿಕೊಳ್ಳಬೇಕು. ಹೇಳಿದವರಾರು, ಎಲ್ಲಿ, ಯಾವ ವರ್ಷ ಎಂಬ ವಿವರವನ್ನು ಅದರೊಡನೆ ಬರೆದಿಡಬೇಕು; ಹೆಸರಿಲ್ಲದ ಧ್ವನಿಯನ್ನು ಮೊಮ್ಮಕ್ಕಳ ಮಕ್ಕಳು ಗುರುತಿಸಲಾರರು. ಒಬ್ಬರ ಕಥೆಯಲ್ಲಿ ಮನೆಯ, ನೆರೆಯ ಹಲವರ ಕಥೆ ಸೇರಿರುವುದರಿಂದ ಅವರ ಸಮ್ಮತಿಯನ್ನೂ ಕೇಳಬೇಕು. ಇನ್ನೊಂದು ಪ್ರತಿಯನ್ನು ಗ್ರಂಥಾಲಯವಾಗಲಿ ವಿಶ್ವವಿದ್ಯಾಲಯವಾಗಲಿ ಸಂಘವಾಗಲಿ, ಕಾಯುವ ಹೊಣೆಯನ್ನು ಬರೆಹದಲ್ಲಿ ಒಪ್ಪಿಕೊಂಡ ಸಂಸ್ಥೆಗೆ ಕೊಡಬೇಕು. ಶಾಸನವನ್ನು ಬರೆಯಿಸಿದವರು ಕಲ್ಲನ್ನು ಮಾತ್ರ ನೆಚ್ಚಿರಲಿಲ್ಲ. ಮುಂದಿನವರು ಅದನ್ನು ಪಾಲಿಸಬೇಕೆಂಬ ಕಟ್ಟಳೆಯನ್ನೂ ಅದರಲ್ಲಿಯೇ ಕೆತ್ತಿಸಿದ್ದರು. ಇಂದಿನ ಕಥೆಗಳಿಗೂ ಅಂತಹ ಕಟ್ಟಳೆಯೊಂದು ಅವಶ್ಯವಾಗಿದೆ.